ಚೀಸ್ ಕೇಕು ಮತ್ತು ದೊಡ್ಡಪ್ಪನ ಶರತ್ತು

ಓವನ್ನು ಇರುವ ಮನೆಯಲ್ಲಿ ದಿನಕ್ಕೊಂದು ತಮಾಷೆ ನಡೆಯುತ್ತದಂತೆ. ಗಜೇಂದ್ರಗಡದಲ್ಲಿ, ಅದೂ ಎರಡೂ ಹೊತ್ತು ಜೋಳದ ರೊಟ್ಟಿ ಬಡಿಯುವ ಮನೆಯಲ್ಲಿ, ಅದೇ ಓವನ್ನು ಜೋಳದ ಪೀಪಾಯಿಯ ಮೇಲೆ ಕೂತಿದ್ದರೆ ದಿನಕ್ಕೆ ಎರಡಾದರೂ ನಡೆಯುತ್ತವೆ. ಇದು ನನ್ನ ಅನುಭವ.

ನಾನು ಇಲ್ಲಿಯೇ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಎರಡನೇ ಇಯತ್ತೆಗೆ ಕಲಿಸುತ್ತೇನೆ. ಏಳು ವರ್ಷದ ಮಕ್ಕಳ ಮುಂದೆ ಬಿಟ್ಟರೆ ಮತ್ತೆಲ್ಲೂ ನನ್ನ ದನಿ ಏಳುವುದಿಲ್ಲ. ಮನೆಗೆ ಯಾರಾದರೂ ಬಂದರೆ ಚಹಾ ಕೊಟ್ಟು ಬಾಗಿಲ ಹಿಂದೆ ಸೇರುತ್ತೇನೆ. ಬಾಗಿಲ ಹಿಂದಿನಿಂದ ಊರೆಲ್ಲ ಚಲೋ ಕಾಣುತ್ತದೆ. ನನ್ನ ಪಗಾರದಿಂದ ನಾನೇ ಆ ಓವನ್ನು ತಂದಾಗ, "ರೊಟ್ಟಿ ತಿನ್ನೋ ಮನ್ಯಾಗ ಇದ್ಯಾಕ?" ಎಂದು ಓಣಿಯೇ ಕೇಳಿತು. ನಾನು "ಇರ್ಲಿ" ಎಂದೆ. ಆ ಒಂದು ಮಾತಿನ ಮೇಲೇ ಎರಡು ವರ್ಷ ತಳ್ಳಿದ್ದೇನೆ.

ಸಾದಾ ಕೇಕಿನ ತನಕ ಯಾರೂ ತಕರಾರು ಮಾಡಲಿಲ್ಲ. ಚೀಸ್ ಕೇಕು ಮಾಡಲು ಹೊರಟೆ ನೋಡಿ, ಅಲ್ಲಿಂದ ಶುರುವಾಯಿತು.

೧. ಬೇಕಂತಲೇ ಒಡೆದ ಹಾಲು

ಚೀಸ್ ಕೇಕಿಗೆ ಬೇಕಾದ ಮೆತ್ತನೆಯ ಚೀಸು ನಮ್ಮ ಪೇಟೆಯಲ್ಲಿ ಸಿಗುವುದಿಲ್ಲ. ಹುಬ್ಬಳ್ಳಿಯಿಂದ ತರಿಸಿದರೆ ಬಸ್ಸಿನಲ್ಲೇ ನೀರಾಗಿ ಬರುತ್ತದೆ. ಹಾಗಾಗಿ ನಾನೇ ಮಾಡುತ್ತೇನೆ. ಗಟ್ಟಿ ಎಮ್ಮೆ ಹಾಲು ಕಾಯಿಸಿ, ನಿಂಬೆಹುಳಿ ಹಿಂಡಿ ಒಡೆಸಿ, ಅರಿವೆಯಲ್ಲಿ ಸೋಸಿ, ಕೆನೆ ಸೇರಿಸಿ ಬೆಣ್ಣೆಯಂತೆ ನುಣ್ಣಗಾಗುವ ತನಕ ಅರೆಯುವುದು. ಹೇಳುವುದಕ್ಕೆ ಸುಲಭ. ಮಾಡುವುದಕ್ಕೆ ಎದೆ ಬೇಕು. ಏಕೆಂದರೆ ನಮ್ಮಲ್ಲಿ ಹಾಲು ಒಡೆದರೆ ಅಪಶಕುನ. ಅಪ್ಪನ ಅವ್ವ, ನಮ್ಮ ಆಯಿ, ಹಾಲು ಒಡೆದ ದಿನ ಊರಿಗೆ ಹೊರಟವರನ್ನು ಬಸ್‌ಸ್ಟ್ಯಾಂಡಿನಿಂದ ವಾಪಸ್ ಕರೆಸಿದ್ದುಂಟು.

ನಾನು ಬಾಗಿಲು ಮುಂದೆ ಮಾಡಿಯೇ ಹುಳಿ ಹಿಂಡಿದ್ದೆ. ಆದರೂ ಆಯಿ ಹೇಗೋ ಒಳಗೆ ಬಂದು ಪಾತೇಲಿಗೆ ಇಣುಕಿದಳು.

"ಅಯ್ಯ ನಮ್ಮವ್ವ! ಮೂರು ಲೀಟರ್ ಹಾಲು ಒಡದಾವು! ಈ ಮನಿಗೆ ಏನು ಕಾದೈತ್ಯೋ!"

ಪುರ್ತಗೇರಿಯಿಂದ ಬರುವ ಹಾಲಿನಾಕೆ ಆಗಷ್ಟೇ ಎರಡು ಮನೆ ಆಚೆ ಹಾಲು ಹಾಕುತ್ತಿದ್ದಳು. ಕೇಳಿದವಳೇ ಕ್ಯಾನು ಹಿಡಿದು ನಮ್ಮ ಅಂಗಳಕ್ಕೆ ನುಗ್ಗಿದಳು.

"ಯಾರಂದಾರ ನನ್ನ ಎಮ್ಮಿ ಹಾಲು ಒಡದಾವಂತ? ಹನ್ನೆರಡು ವರ್ಷ ಆತು ಈ ಓಣಿಗೆ ಹಾಕಾಕತ್ತು, ಒಂದು ಹನಿ ಒಡದಿಲ್ಲ. ನಿಮ್ಮ ಪಾತೇಲಿ ತೊಳದಿಲ್ಲ, ಅದನ್ನ ನೋಡಕೋರಿ ಮೊದಲ!"

"ಏ, ನನ್ನ ಪಾತೇಲಿ ಹೆಸರ ತಗೀಬ್ಯಾಡ!" ಎಂದು ಅವ್ವ ಹೊರಗೆ ಬಂದಳು.

"ಹಾಲಿಗೆ ಕಣ್ಣ ಬಿದ್ದಾವು" ಎಂದು ಆಯಿ ಮೂರನೇ ಕಡೆಯಿಂದ ಸೇರಿಕೊಂಡಳು.

ನಾನು ಬಾಗಿಲ ಹಿಂದೆ ನಿಂತಿದ್ದೆ. ಕೈಯಲ್ಲಿ ಹಿಂಡಿದ ನಿಂಬೆಹೋಳು. ಸುಮ್ಮನಿದ್ದರೆ ಆ ದಿನ ಎಮ್ಮೆಗೋ ಪಾತೇಲಿಗೋ ಕೆಟ್ಟ ಹೆಸರು ಬಂದು ನಾನು ಉಳಿಯುತ್ತಿದ್ದೆ. ಆದರೆ ಪಾಪ ಎಮ್ಮೆ ಏನು ಮಾಡಿತ್ತು? ಹೊರಗೆ ಬಂದೆ.

"ಎಮ್ಮಿದೂ ತಪ್ಪಿಲ್ಲ, ಪಾತೇಲಿದೂ ತಪ್ಪಿಲ್ಲ. ನಾನ ಒಡಸೀನಿ."

"ಕೈ ತಪ್ಪಿ?" ಅವ್ವ ಆಸೆಯಿಂದ ಕೇಳಿದಳು.

"ಇಲ್ಲ, ಬೇಕಂತ. ನಾಳೆನೂ ಒಡಸ್ತೀನಿ."

ಹಾಲಿನಾಕೆ ಕ್ಯಾನು ಕೆಳಗಿಟ್ಟು ನನ್ನನ್ನು ಅಂಗಾಲಿನಿಂದ ನೆತ್ತಿಯ ತನಕ ನೋಡಿದಳು. ಆಮೇಲೆ ಅವ್ವನ ಕಿವಿಯ ಹತ್ತಿರ ಹೋಗಿ, ನನಗೂ ಕೇಳಿಸುವ ಹಾಗೆ ಹೇಳಿದಳು.

"ಅಕ್ಕಾರ, ಲಗೂ ಒಂದು ವರಾ ನೋಡ್ರಿ. ಈ ಸುದ್ದಿ ನಾ ಸಂಜಿ ತನಕ ಹೊಟ್ಟ್ಯಾಗ ಇಟಗೋತೀನಿ. ಅದಕ್ಕಿಂತ ಹೆಚ್ಚು ನನ್ನ ಕಡಿಂದ ಆಗೂದಿಲ್ಲ."

೨. ಎರೆಹೊಲ

ಚೀಸ್ ಕೇಕು ಸಣ್ಣ ಉರಿಯಲ್ಲಿ ಬೇಯಬೇಕು. ಅಂಚು ಗಟ್ಟಿಯಾಗಿ ನಡುಭಾಗ ಇನ್ನೂ ತುಸು ಅಲುಗುತ್ತಿರುವಾಗಲೇ ಓವನ್ನು ಆರಿಸಿ, ಬಾಗಿಲು ತೆಗೆಯದೆ ಒಂದು ತಾಸು ಹಾಗೇ ಬಿಡಬೇಕು. ತಣ್ಣನೆ ಗಾಳಿ ಬಡಿದರೆ ಬಿರಿಯುತ್ತದೆ. ಓವನ್ನಿನ ಬಾಗಿಲಿಗೆ "ತೆಗೆಯಬೇಡಿ" ಎಂದು ಚೀಟಿ ಅಂಟಿಸಿದೆ. ಶಾಲೆಯ ರೂಢಿ, ಇಂಗ್ಲಿಷಿನಲ್ಲಿ ಬರೆದಿದ್ದೆ.

ಸ್ನಾನ ಮಾಡಿ ಬರುವುದರೊಳಗೆ ಓವನ್ನಿನ ಬಾಗಿಲು ಮೂರು ಸಲ ತೆಗೆದಾಗಿತ್ತು. ಆಯಿ, ಏನೋ ಸುಡುತ್ತಿದೆಯೆಂದು ತೆಗೆದಿದ್ದಳು. ಅವ್ವ, ಬೆಂದಿದೆಯೋ ಇಲ್ಲವೋ ಎಂದು ತೆಗೆದಿದ್ದಳು. ಅಪ್ಪ, ಚೀಟಿಯಲ್ಲಿ ಏನು ಬರೆದಿದೆ ಎಂದು ಓದಲು ಬಾಗಿಲನ್ನು ಬೆಳಕಿನ ಕಡೆ ತಿರುಗಿಸಿದ್ದ.

"ನಡುವ ಅಳ್ಳಾಡತೈತಿ, ಹಸೀ ಐತಿ" ಎಂದಳು ಅವ್ವ. "ಕುಕ್ಕರಿನ್ಯಾಗ ಇಟ್ಟು ಮೂರು ಸೀಟಿ ಹೊಡಸೂಣೇನು?"

ನಾನು ಓವನ್ನಿನ ಬಾಗಿಲಿಗೆ ಬೆನ್ನು ಹಚ್ಚಿ ನಿಂತೆ. ಒಂದು ತಾಸು ಹಾಗೇ ನಿಂತೆ. ಬೆನ್ನು ಬೆಂದಿತು. ಕೇಕು ಮಾತ್ರ ಆಗಲೇ ಈ ತುದಿಯಿಂದ ಆ ತುದಿಗೆ ಬಿರಿದಿತ್ತು.

ಅಷ್ಟೊತ್ತಿಗೆ ದೊಡ್ಡಪ್ಪ ಹೊಲದಿಂದ ಬಂದರು. ಅಪ್ಪನ ಅಣ್ಣ, ನಮ್ಮ ಮನೆಯ ಯಜಮಾನರು. ಅವರ ಮಾತನ್ನು ನಮ್ಮಲ್ಲಿ ಬೆಕ್ಕೂ ಮೀರುವುದಿಲ್ಲ. ಕೈ ಬೆನ್ನಿಗೆ ಕಟ್ಟಿ, ಬಗ್ಗಿ, ಕೇಕಿನ ಸುತ್ತ ಒಂದು ಸುತ್ತು ಹಾಕಿದರು.

"ಬ್ಯಾಸಗ್ಯಾಗ ಎರಿಹೊಲ ಬಿರತಂಗ ಬಿರತೈತಿ. ಒಂದು ಹದಾ ಮಳಿ ಆದ್ರ ಕಡ್ಲಿ ಬಿತ್ತಬಹುದು."

ಎಲ್ಲರೂ ನಕ್ಕರು. ನಾನೂ ನಕ್ಕು ಒಳಗೆ ಹೋಗಬೇಕಿತ್ತು. ಅದೇಕೋ ಬಾಯಿ ತೆರೆದೆ. "ಬಿರದ್ರೂ ರುಚಿ ಕೆಟ್ಟಿಲ್ರಿ. ತಿಂದು ನೋಡ್ರಿ."

"ಒಡದ ಹಾಲಿಂದು ನಾ ಬಾಯಾಗ ಹಾಕ್ಕೊಳ್ಳಂಗಿಲ್ಲ." ದೊಡ್ಡಪ್ಪ ಅಲ್ಲೇ ಕೂತು ತೀರ್ಪು ಕೊಟ್ಟರು. ನರಗುಂದಕ್ಕೆ ಕೊಟ್ಟ ಅವರ ಮಗಳು, ನಮ್ಮ ಅಕ್ಕ, ಬಸುರಿ. ಮುಂದಿನ ತಿಂಗಳು ಬೀಗರ ಮನೆಯಲ್ಲಿ ಕುಬಸ, ಅಂದರೆ ಸೀಮಂತ. ಅದು ಮುಗಿದರೆ ಹೆರಿಗೆಗೆ ಇಲ್ಲಿಗೇ ಬರುತ್ತಾಳೆ, ಅಡುಗೆಮನೆಯಲ್ಲಿ ಜಾಗ ಬೇಕು. "ಕುಬಸದ ತನಕ ವ್ಯಾಳ್ಯಾ ಕೊಟ್ಟೀನಿ. ಅಷ್ಟರಾಗ ಮನಿ ಹೊರಗಿನವರು ಯಾರರ ಒಬ್ರು, ಒಮ್ಮೆ ತಿಂದಮ್ಯಾಲ, ತಮ್ಮ ಬಾಯಿಲೆ 'ಇನ್ನೊಂದು ತುಂಡು ಬೇಕು' ಅನಬೇಕು. ಅಂದ್ರ ನಿನ್ನ ಪೆಟಿಗಿ ಅಡಗಿಮನ್ಯಾಗ ಇರಲಿ. ಇಲ್ಲಾಂದ್ರ ಅಟ್ಟಕ್ಕ."

ನಮ್ಮ ಅಟ್ಟಕ್ಕೆ ಹೋದದ್ದು ಕೆಳಗೆ ಇಳಿದ ದಾಖಲೆಯಿಲ್ಲ. ಅವ್ವನ ಹೊಲಿಗೆ ಮಶೀನು "ನಾಕು ದಿನದ ಮಟ್ಟಿಗೆ" ಎಂದು ಏರಿದ್ದು, ನಾನು ಹುಟ್ಟುವ ಮೊದಲು.

ಶರತ್ತು ಕೇಳಲು ಸಣ್ಣದು. ಆದರೆ ನಮ್ಮ ಕಡೆ ಉಣ್ಣುವವರು ಜೀವ ಹೋದರೂ "ಬೇಕು" ಅನ್ನುವುದಿಲ್ಲ. ಅವರು "ಸಾಕು" ಅನ್ನಬೇಕು, ಬಡಿಸುವವರು ಕೇಳಿಸದವರಂತೆ ಹಾಕಬೇಕು. ಅದಕ್ಕೆ ಒತ್ತಾಯ ಎನ್ನುತ್ತಾರೆ. ನಮ್ಮ ಅಪ್ಪ ತನ್ನ ಲಗ್ನದಲ್ಲೇ, ಒತ್ತಾಯ ಮಾಡುವವರು ಆ ಸಾಲಿಗೆ ಬರಲಿಲ್ಲವೆಂದು, ಒಂದೇ ಹೋಳಿಗೆ ತಿಂದು ಎದ್ದವನು. ಈಗಲೂ ಅವ್ವನ ಮೇಲೆ ಸಿಟ್ಟು ಬಂದರೆ ಮೊದಲು ಆ ಹೋಳಿಗೆಯನ್ನೇ ಎತ್ತುತ್ತಾನೆ.

೩. ಡಬ್ಬಿಯ ತಳ

ಹೊರಗಿನವರು ಎಂದ ಕೂಡಲೇ ನನಗೆ ಹೊಳೆದದ್ದು ಎದುರುಮನೆಯ ಚಾಚಿ. ಚಾಚಾ ತಗಡಿನ ಕೆಲಸದವರು. ಡಬ್ಬಿ, ಕೊಡ, ನೀರಿನ ಟಾಕಿ, ಏನೇ ತೂತು ಬಿದ್ದರೂ ಅವರ ಕೈಗೆ ಬಂದರೆ ಮುಚ್ಚಿತು.

ಬಿರಿಯದೆ ಬಂದ ಮೊದಲ ಚೀಸ್ ಕೇಕನ್ನು ಡಬ್ಬಿ ಸಮೇತ ಅವರ ಮನೆಗೆ ಒಯ್ದೆ. ಆ ಡಬ್ಬಿಯದೇ ಒಂದು ವಿಶೇಷ. ಪಕ್ಕದ ಕೊಕ್ಕೆ ಬಿಚ್ಚಿದರೆ ಸುತ್ತಿನ ಬಳೆ ಸಡಿಲಾಗಿ ಮೇಲೆ ಬರುತ್ತದೆ, ಕೇಕು ಕೆಳಗಿನ ತಳದ ಮೇಲೆ ಅಲುಗದೆ ಉಳಿಯುತ್ತದೆ. ಅಂಥ ಮೆತ್ತನೆಯ ಕೇಕನ್ನು ಬೋರಲು ಹಾಕಿ ತೆಗೆಯಲು ಬರುವುದಿಲ್ಲವಲ್ಲ, ಅದಕ್ಕೆ. ಆನ್‌ಲೈನಿನಲ್ಲಿ ತರಿಸಿದ್ದು, ನನ್ನ ಜೀವ.

ಮೂರನೇ ದಿನ ಚಾಚಿ ಡಬ್ಬಿ ವಾಪಸ್ ತಂದರು. ನಮ್ಮ ಓಣಿಯಲ್ಲಿ ಯಾರೂ ಯಾರ ಪಾತ್ರೆಯನ್ನೂ ಬರಿದು ಮರಳಿಸುವುದಿಲ್ಲ. ಡಬ್ಬಿ ತುಂಬ ಬಿಸಿಬಿಸಿ ಶ್ಯಾವಿಗೆ ಖೀರು. ಒಂದು ಹನಿ ಸೋರಿರಲಿಲ್ಲ. ಆ ಡಬ್ಬಿಯಲ್ಲಿ ಖೀರು ಹೇಗೆ ನಿಲ್ಲುತ್ತದೆ?

ಖೀರು ಖಾಲಿ ಮಾಡಿ ತಿರುವಿ ನೋಡಿದೆ. ಬಳೆಗೂ ತಳಕ್ಕೂ ಸುತ್ತಲೂ ಬೆಸುಗೆ. ಕೊಕ್ಕೆಗೂ ಬೆಸುಗೆ. ಬೆಳ್ಳಿ ಕಡಗದ ಹಾಗೆ ಮಿಂಚುತ್ತಿತ್ತು.

ಎದುರುಮನೆಗೆ ಓಡಿದೆ. ಚಾಚಾ ನನ್ನನ್ನು ನೋಡಿ ಖುಷಿಯಾದರು.

"ಬೇಟಾ, ಕಂಪನಿಯವ್ರು ನಿನಗ ಮೋಸ ಮಾಡ್ಯಾರ. ತಳಾ ಬಿಟ್ಟ ಡಬ್ಬಿ ಕಳಿಸ್ಯಾರ. ನಿಮ್ಮ ಚಾಚಿ ಖೀರು ಸುರವಿದ್ಲು, ಅರ್ಧಾ ನೆಲಕ್ಕ ಹೋತು. ನಾ ಕುಂತು ಭರ್ತಿ ಬೆಸಗಿ ಹಾಕೀನಿ. ಇನ್ನ ನಿನ್ನ ಮಕ್ಕಳ ಕಾಲಕ್ಕೂ ಬಿಚ್ಚಂಗಿಲ್ಲ. ರೊಕ್ಕದ ಮಾತು ಎತ್ತಬ್ಯಾಡ!"

ಇಷ್ಟು ಪ್ರೀತಿಯಿಂದ ಕೆಡಿಸಿದವರಿಗೆ ಏನು ಹೇಳುವುದು? ಸುಮ್ಮನೆ ಬಂದರೆ ಚೀಸ್ ಕೇಕು ಅಲ್ಲಿಗೇ ಮುಗಿಯಿತು. ಬಾಗಿಲಿನ ತನಕ ಬಂದವಳು ತಿರುಗಿದೆ.

"ಚಾಚಾ, ನನಗ ತಳಾ ಬಿಚ್ಚೂ ಡಬ್ಬಿನ ಬೇಕು. ಹೊಸಾದು ಮಾಡಿಕೊಡ್ರಿ. ಮೂರು."

ಚಾಚಾ ಸುತ್ತಿಗೆ ಕೆಳಗಿಟ್ಟರು. "ಅರೇ, ನಲವತ್ತು ವರ್ಷದಾಗ ತಳಾ ಹಚ್ಚಾಕ ಬಂದವ್ರನ್ನ ಸಾವಿರ ಮಂದಿ ನೋಡೇನಿ. ತಳಾ ತಗಸಾಕ ಬಂದಾಕಿ ನೀನ ಮೊದಲನೇದಾಕಿ."

ಆದರೂ ಮಾಡಿಕೊಟ್ಟರು, ಕಂಪನಿಯದಕ್ಕಿಂತ ಚಲೋ. ಒಂದೇ ಕರಾರು: ಇವನ್ನು ಮಾಡಿದ್ದು ತಾವೆಂದು ಊರಲ್ಲಿ ಯಾರಿಗೂ ಹೇಳಬಾರದು.

ಚಾಚಿ ಕೇಕು ತಿಂದು ಏನೆಂದರು ಎಂದಿರಾ? "ಭಾಳ ಚಲೋ ಆಗಿತ್ತು" ಎಂದರು. "ಇನ್ನೊಂದು ತುಂಡು ತರ್ಲಿ?" ಎಂದು ಬಾಯಿಬಿಟ್ಟು ಕೇಳಿದೆ. "ಅಯ್ಯ, ಸಾಕವ್ವಾ ಸಾಕು!" ಎಂದರು, ಕಣ್ಣು ನಮ್ಮ ಅಡುಗೆಮನೆಯ ಕಡೆ ನೆಟ್ಟುಕೊಂಡು.

೪. ರೋಣದ ಹುಟ್ಟುಹಬ್ಬ

ನಮ್ಮ ಶಾಲೆಯ ಗಣಿತದ ಮೇಡಂ ದಿನಾ ರೋಣದಿಂದ ಬಸ್ಸಿಗೆ ಬರುತ್ತಾರೆ. ತಮ್ಮ ಗಂಡನ ಹುಟ್ಟುಹಬ್ಬಕ್ಕೆ ಒಂದು ಚೀಸ್ ಕೇಕು ಬೇಕೆಂದರು. ನನ್ನ ಮೊದಲ ಗಿರಾಕಿ. ರವಿವಾರ ಬೆಳಿಗ್ಗೆ ಮಂಜುಗಡ್ಡೆ ತುಂಬಿದ ಡಬ್ಬಿಯಲ್ಲಿ ಕೇಕಿಟ್ಟು, ಡಬ್ಬಿಯನ್ನು ತೊಡೆಯ ಮೇಲಿಟ್ಟು ಬಸ್ಸಿನಲ್ಲಿ ಕೂತೆ. ಪಕ್ಕದ ಹೆಂಗಸು ತನ್ನ ಬದನೆಕಾಯಿ ಚೀಲವನ್ನು ಡಬ್ಬಿಯ ಮೇಲಿಡಲು ನಾಲ್ಕು ಸಲ ನೋಡಿದಳು, ನಾಲ್ಕು ಸಲವೂ ನಾನು ತೆಗೆದು ಅವಳ ತೊಡೆಯ ಮೇಲಿಟ್ಟೆ. ರೋಣ ಮುಟ್ಟುವುದರೊಳಗೆ ನಮ್ಮಿಬ್ಬರಿಗೂ ಒಂದೂ ಮಾತಾಡದೆ ಜನ್ಮದ ವೈರ ಹುಟ್ಟಿತು.

ಗಂಡನ ಗೆಳೆಯರು ಹತ್ತು ಮಂದಿ ಸೇರಿದ್ದರು. ಚಪ್ಪಾಳೆ ತಟ್ಟಿದರು, ಚಾಕು ಆಡಿಸಿದರು. ಮರುಗಳಿಗೆಗೆ ಒಬ್ಬ ಮುಷ್ಟಿತುಂಬ ಕೇಕು ಎತ್ತಿ ಹುಟ್ಟುಹಬ್ಬದವರ ಮುಖಕ್ಕೆ ಬಳಿದ. ಮತ್ತೊಬ್ಬ ಕಿವಿಗೆ ಬಳಿದ. ಎರಡು ದಿನ ಸೋಸಿ, ಅರೆದು, ತಾಸುಗಟ್ಟಲೆ ಬೇಯಿಸಿ, ರಾತ್ರಿಯಿಡೀ ತಂಪಿಗಿಟ್ಟದ್ದು! ಗೋಡೆಗೆ ಅಂಟಿ ನಿಂತಿದ್ದ ನಾನು ಹೋಗಿ, ಉಳಿದರ್ಧ ಕೇಕನ್ನು ಎತ್ತಿಕೊಂಡು ಮೇಡಂ ಅಡುಗೆಮನೆಗೆ ನಡೆದು ಅಗಳಿ ಹಾಕಿಕೊಂಡೆ. ಬಾಗಿಲು ಬಡಿದರು.

"ಕೈ ತೊಳಕೊಂಡು ಬಂದವ್ರಿಗೆ ಅಷ್ಟ ಕೊಡ್ತೀನ್ರಿ" ಎಂದೆ ಒಳಗಿನಿಂದ. ಬಾಗಿಲ ಹಿಂದೆ ನಿಂತರೆ ನನಗೆ ಮಾತು ಬರುತ್ತದೆ. ಹತ್ತು ಮಂದಿಯೂ ಕೈ ತೊಳೆದು ಸಾಲು ಹಚ್ಚಿದರು, ನನ್ನ ಎರಡನೇ ಇಯತ್ತೆಯ ಮಕ್ಕಳಿಗಿಂತ ನೆಟ್ಟಗೆ.

ಸೋಮವಾರ ಮೇಡಂ ಸ್ಟಾಫ್‌ರೂಮಿಗೆ ಓಡಿ ಬಂದರು. "ನಮ್ಮನಿಯವ್ರು ಇನ್ನೊಂದು ತುಂಡು ಬೇಕಂತ ಒಂದ ಸಮನ ಹಟಾ ಹಿಡದಾರ್ರಿ!"

ನಾನು ಬೆರಳು ಮಡಚಿ ಎಣಿಸಿದೆ. ಹೊರಗಿನವರು. ಒಮ್ಮೆ ತಿಂದವರು. ತಮ್ಮ ಬಾಯಿಂದಲೇ. ಎಲ್ಲ ಸರಿಹೋಯಿತು.

"ಬಿಸಲಿಗೆ ಮಾರಿ ಕಪ್ಪ ಹತ್ತಿತ್ರಿ. ನಿಮ್ಮ ಕೇಕು ಬಳದ ಕಡೆ ಎಷ್ಟ ಮೆತ್ತಗ, ಎಷ್ಟ ಬೆಳ್ಳಗ ಆಗೇತಂತೀರಿ! ಈ ವಾರ ಕುತ್ತಿಗಿಗೂ ಹಚ್ಚಿಕೊಳ್ಳಬೇಕಂತಾರ."

ಸಂಜೆ ಆದದ್ದನ್ನು ಆದ ಹಾಗೇ ದೊಡ್ಡಪ್ಪನ ಮುಂದೆ ಇಟ್ಟೆ. ಅವರು ಎಲೆ ಅಡಿಕೆ ಜಗಿದು ಮುಗಿಸಿ ಹೇಳಿದರು.

"ತಿನ್ನಾಕ ಕೇಳಿದ್ರ ಓವನ್ನು. ಮಾರಿಗೆ ಹಚ್ಚಿಕೊಳ್ಳಾಕ ಕೇಳಿದ್ರ ಸಾಬೂನಿನ ಅಂಗಡಿ ಹಾಕು."

೫. ನರಗುಂದದ ಪಂಕ್ತಿ

ಕುಬಸಕ್ಕೆ ನಾಲ್ಕು ದಿನ ಇತ್ತು. ಅಟ್ಟದಲ್ಲಿ ಜಾಗ ಮಾಡಲು ಅಪ್ಪ ಏಣಿಯನ್ನೂ ಇಳಿಸಿದ್ದ. ಆಗ ನರಗುಂದದಿಂದ ಅಕ್ಕನ ಫೋನು ಬಂತು. ಅವಳಿಗೆ ಚೀಸ್ ಕೇಕಿನ ಬಯಕೆಯಾಗಿತ್ತು. ಬಸುರಿಯ ಬಯಕೆಗೆ ಇಲ್ಲ ಅನ್ನುವ ಹಾಗಿಲ್ಲ.

"ಆಕಿ ಕೇಳಿದ್ದು ಶರತ್ತಿಗೆ ಬರಂಗಿಲ್ಲ ಮತ್ತ" ಎಂದರು ದೊಡ್ಡಪ್ಪ ತಕ್ಷಣ. "ಬಸುರಿ ಮಣ್ಣನೂ ಕೇಳ್ತಾಳ."

ಚಾಚಾ ಮಾಡಿದ ಮೂರೂ ಡಬ್ಬಿಯಲ್ಲಿ ಮೂರು ಕೇಕು ಮಾಡಿದೆ. ಹಾಲಿನಾಕೆ ತಾನಾಗಿಯೇ ಒಂದು ಲೀಟರು ಹೆಚ್ಚು ಹಾಕಿ, "ಒಡಸವ್ವಾ ಒಡಸು, ನಿನ್ನ ಹಣೇಬಾರ" ಎಂದು ಹೋದಳು. ಈ ಸಲ ಓವನ್ನಿಗೆ ಕನ್ನಡದಲ್ಲಿ ಚೀಟಿ ಬರೆದೆ: "ತೆಗೆದವರಿಗೆ ರೊಟ್ಟಿ ಇಲ್ಲ." ಒಂದೂ ಬಿರಿಯಲಿಲ್ಲ.

ನರಗುಂದದಲ್ಲಿ ಅಕ್ಕನಿಗೆ ಹಸಿರು ಕುಬಸ ತೊಡಿಸಿ, ಉಡಿ ತುಂಬಿ, ಆರತಿ ಮಾಡಿದ್ದಾಯಿತು. ಗಂಡಸರ ಪಂಕ್ತಿ ಕೂತಿತು. ಹೋಳಿಗೆ, ಬದನೆಕಾಯಿ, ಅನ್ನ, ಸಾರು ಎಲ್ಲ ಬಂದು ಹೋದವು. "ಕೇಕು ಮಾಡಿದಾಕಿನ ಬಡಸಲಿ" ಎಂದು ಅಕ್ಕ ಕೂತಲ್ಲಿಂದಲೇ ಹುಕುಂ ಕೊಟ್ಟಳು. ಮೂವತ್ತು ಮಂದಿ ಗಂಡಸರ ನಡುವೆ, ಕೈಯಲ್ಲಿ ಕೇಕಿನ ತುಂಡುಗಳ ಅಗಲ ಪರಾತ, ನಾನು.

ನಾಚಿಕೆಯವರಿಗೆ ಒಂದು ಉಪಾಯ ಗೊತ್ತಿರುತ್ತದೆ. ಮುಖ ನೋಡಬಾರದು, ಕೈ ನೋಡಬೇಕು. ಕೈ ನೋಡಿದರೆ ಎಲ್ಲ ತಿಳಿಯುತ್ತದೆ. ಅಂಗೈ ಎಲೆಗೆ ತಾಗಿಸಿ ಮುಚ್ಚಿದರೆ ನಿಜಕ್ಕೂ ಸಾಕು. ಬೆರಳು ಅಗಲಿಸಿ ಮುಚ್ಚಿದರೆ, ಸಂದಿಯಲ್ಲಿ ಹಾಕು ಎಂದರ್ಥ. ಕೈ ಎಲೆಯಿಂದ ಗೇಣು ಮೇಲೆ ಗಾಳಿಯಲ್ಲಿ ಆಡುತ್ತಿದ್ದರೆ, ಎರಡು ಹಾಕು.

ಮೊದಲ ಸುತ್ತಿನಲ್ಲಿ ದೊಡ್ಡಪ್ಪ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಪಕ್ಕದಲ್ಲೇ ಅಕ್ಕನ ಮಾವ, ಬೀಗರು, ಕೂತಿದ್ದರು. ಬೀಗರ ಮನೆಯ ಪಂಕ್ತಿಯಲ್ಲಿ ಎಲೆಗೆ ಬಿದ್ದದ್ದನ್ನು ಬಿಟ್ಟರೆ ಮರ್ಯಾದೆ ಹೋಯಿತು. ಔಷಧಿಯ ಹಾಗೆ ಒಂದು ಚೂರು ಬಾಯಿಗೆ ಹಾಕಿದರು. ಅಗಿಯುವುದನ್ನು ನಿಲ್ಲಿಸಿದರು. ಆಮೇಲೆ ಎಲೆಯನ್ನು ಬೆರಳಿನಿಂದ ಒರೆಸಿದ ಸದ್ದಷ್ಟೇ ಕೇಳಿತು.

ಎರಡನೇ ಸುತ್ತು. ಸಾಲಿಡೀ "ಸಾಕು ಸಾಕು", ಸಾಲಿಡೀ ಕೈಗಳು ಗಾಳಿಯಲ್ಲಿ. ರೂಢಿಯಂತೆ ಒತ್ತಾಯ ಮಾಡಿ ಹಾಕುತ್ತ ಬಂದೆ. ಬೀಗರಿಗೂ ಹಾಕಿದೆ. ದೊಡ್ಡಪ್ಪನ ಎಲೆಯ ಮುಂದೆ ಬಂದೆ. ಅವರ ಕೈ ಎಲೆಯಿಂದ ಒಂದು ಮೊಳ ಮೇಲಿತ್ತು.

"ಸಾಕು ಸಾಕು" ಎಂದರು ದೊಡ್ಡಪ್ಪ.

"ಆತ್ರಿ" ಎಂದು ಮುಂದಕ್ಕೆ ಹೋದೆ.

ಸಾಲು ಉಣ್ಣುವುದನ್ನೇ ನಿಲ್ಲಿಸಿತು. ಸಾಕು ಅಂದವರನ್ನು ನಿಜವಾಗಿಯೂ ಬಿಟ್ಟು ಹೋದದ್ದನ್ನು ಆ ಮನೆ ಅದುವರೆಗೆ ನೋಡಿರಲಿಲ್ಲ.

"ಏನವ್ವಾ, ಹಿರ್ಯಾರಿಗೆ ಒತ್ತಾಯ ಮಾಡಂಗಿಲ್ಲೇನು?" ಎಂದರು ಬೀಗರು.

"ಅವ್ರು ಸಾಕು ಅಂದ್ರಲ್ರಿ." ಎಂದೆ, ಮುಂದಿನ ಎಲೆಗೆ ಬಡಿಸುತ್ತ.

ಮೂರನೇ ಸುತ್ತಿಗೆ ಪರಾತದಲ್ಲಿ ಉಳಿದದ್ದು ಒಂದೇ ತುಂಡು. ನೇರವಾಗಿ ದೊಡ್ಡಪ್ಪನ ಮುಂದೆ ಹೋಗಿ ನಿಂತೆ. ಈಗ ಅವರ ಕೈ ಎಲೆಯ ಹತ್ತಿರವೂ ಇರಲಿಲ್ಲ, ಬೆನ್ನ ಹಿಂದೆ ಇತ್ತು. ಎಲೆ ಹೊಲದ ಹಾಗೆ ಬಯಲಾಗಿತ್ತು.

"ಬ್ಯಾಡ" ಎಂದರು, ಪರಾತದ ಮೇಲಿನ ಕಣ್ಣು ತೆಗೆಯದೆ.

"ಬೇಕು ಅಂದ್ರ ಹಾಕ್ತೀನಿ, ದೊಡ್ಡಪ್ಪಾ."

"ನಮ್ಮ ಮಂದ್ಯಾಗ ಹಂಗ ಯಾರ ಅಂತಾರ?"

ಬೀಗರು ತಮ್ಮ ಎಲೆಯನ್ನು ನನ್ನ ಕಡೆ ಸರಿಸಿದರು. "ಅವ್ರಿಗೆ ಬ್ಯಾಡಾದ್ರ ಬಿಡವ್ವಾ. ಇನ್ನೊಂದು ತುಂಡು ನನಗ ಬೇಕು. ಇತ್ತ ಹಾಕು."

ನಾನು ಪರಾತವನ್ನು ಅತ್ತ ತಿರುಗಿಸಿದೆ ಅಷ್ಟೇ. ಬೆನ್ನ ಹಿಂದಿನ ಕೈ ಬಂದು ಪರಾತದ ಅಂಚು ಹಿಡಿಯಿತು.

"ಏ! ಬೇಕು! ನನಗ ಬೇಕು ಅಂದ್ನೆಲ್ಲ!"

ಮೂವತ್ತು ಮಂದಿಯೂ ಕೇಳಿದರು. ಒಳಗಿನಿಂದ ಅಕ್ಕ ನಕ್ಕದ್ದೂ ಕೇಳಿತು. ದೊಡ್ಡಪ್ಪ ಸುಧಾರಿಸಿಕೊಂಡು, ದನಿ ಇಳಿಸಿ, ನನಗಷ್ಟೇ ಕೇಳುವ ಹಾಗೆ ಹೇಳಿದರು. "ನಾ ಮನಿಯಾವ. ನಾ ಕೇಳಿದ್ದು ಶರತ್ತಿಗೆ ಬರಂಗಿಲ್ಲ. ಹಾಕು."

"ನೀವು ಮನಿಯವ್ರಾದ್ರ ಮೊದಲ ಹೊರಗಿನವ್ರಿಗೆ ಬಡಸಬೇಕಾಗತೈತ್ರಿ. ಬೀಗರೂ ಬಾಯಿ ಬಿಟ್ಟು ಕೇಳ್ಯಾರ, ಅವ್ರದು ಶರತ್ತಿಗೆ ಬರತೈತಿ. ನೀವು ಹೊರಗಿನವ್ರಾದ್ರ ತುಂಡು ನಿಮಗ." ಅಷ್ಟು ಉದ್ದದ ಮಾತನ್ನು ನಾನು ಅವರ ಮುಂದೆ ಎಂದೂ ಆಡಿರಲಿಲ್ಲ. "ಹೇಳ್ರಿ. ಮನಿಯವ್ರೋ, ಹೊರಗಿನವ್ರೋ?"

ದೊಡ್ಡಪ್ಪ ಬೀಗರನ್ನು ನೋಡಿದರು. ನನ್ನನ್ನು ನೋಡಿದರು. ಕೊನೆಗೆ ತುಂಡನ್ನು ನೋಡಿದರು.

"ಇವತ್ತೊಂದು ದಿನದ ಮಟ್ಟಿಗೆ ನಾ ಹೊರಗಿನಾವ. ಹಾಕವ್ವಾ, ಲಗೂ ಹಾಕು!"